ಆಫ್ರಿಕದ ಸಿಕ್ಲಿಡ್‌ಗಳಿಗೆ ಕುಂತಿಬೆಟ್ಟದಂಥ ತೊಟ್ಟಿ

ಪಾಂಡವಪುರದ ಕುಂತಿಬೆಟ್ಟವನ್ನು ಬುಡದಲ್ಲಿ ನಿಂತು ನೋಡಿ. ಕೆಳಗೆ ಆನೆಗಾತ್ರದ ಬಂಡೆಗಳು, ಅವುಗಳ ಹೆಗಲಿಗೆ ಒರಗಿ ನಿಂತ ಮಧ್ಯಮ ಗಾತ್ರದವು, ಸಂದಿನಲ್ಲಿ ಸಿಕ್ಕಿಕೊಂಡ ಚಿಕ್ಕವು, ಬುಡದಲ್ಲಿ ಮಳೆ ತೊಳೆದು ತಂದ ಮರಳು. ಪೂರ್ವ ಆಫ್ರಿಕದ ಮಲಾವಿ ಸರೋವರದ ದಡದಲ್ಲೂ ಇಂಥದೇ ನೈಸ್ ಮತ್ತು ಗ್ರಾನೈಟ್ ಬಂಡೆಗಳು ಗುಡ್ಡದಿಂದ ಉರುಳಿ ನೀರಿನೊಳಕ್ಕೆ ಇಳಿದಿವೆ. ಆ ಸಂದುಗೊಂದುಗಳಲ್ಲಿ ಬದುಕುವ ಸಿಕ್ಲಿಡ್ ಕುಟುಂಬದ ಮೀನುಗಳನ್ನು ಅಲ್ಲಿಯ ಜನ ಎಂಬೂನಾ ಎನ್ನುತ್ತಾರೆ, ಅಂದರೆ ಬಂಡೆಯ ಮೀನು. ಹಳದಿ, ನೀಲಿ, ಪಟ್ಟೆಪಟ್ಟೆ ಬಣ್ಣಗಳಲ್ಲಿ ಮೈಸೂರಿನ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಆಫ್ರಿಕನ್ ಸಿಕ್ಲಿಡ್‌ಗಳಲ್ಲಿ ಹೆಚ್ಚಿನವು ಇವೇ.

ಈ ಮೀನಿಗೆ ಸಹಜವಾಗಿ ಕಾಣುವ ತೊಟ್ಟಿ ಕಟ್ಟಲು ಬೇಕಾದ ಕಲ್ಲಿನ ಪಾಠ ನಮ್ಮ ಬೆಟ್ಟಗಳಲ್ಲೇ ಇದೆ. ನೀರು ಮಾತ್ರ ಹಾಗಲ್ಲ, ಅದನ್ನು ನಾವು ಸಿದ್ಧಮಾಡಬೇಕು. ಕಣ್ಣಿಗೆ ಕಾಣುವ ಸೊಗಸೆಲ್ಲ ಕಲ್ಲಿನದು, ಮೀನು ವರ್ಷಗಟ್ಟಲೆ ಬದುಕುವುದು ನೀರಿನಿಂದ.

ತೊಟ್ಟಿ ಮತ್ತು ಅದರ ಭಾರ

ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ: ಎಂಬೂನಾಗೆ ಇದಕ್ಕಿಂತ ಚಿಕ್ಕದು ಬೇಡ. ಎತ್ತರ ಹೆಚ್ಚಿಸುವ ಬದಲು ಅಗಲ ಹೆಚ್ಚಿಸಿದರೆ ಲಾಭ. ಒಂದಡಿ ಅಗಲದ ತೊಟ್ಟಿಯಲ್ಲಿ ಕಲ್ಲನ್ನು ಗೋಡೆಯಂತೆ ಜೋಡಿಸಬಹುದು, ಬೆಟ್ಟದಂತೆ ಇಳಿಜಾರು ಮಾಡಲು ಆಗುವುದಿಲ್ಲ. ಗಾಜು 10 ಮಿಲಿಮೀಟರ್ ದಪ್ಪ ಇರಲಿ. 8 ಮಿಲಿಮೀಟರ್‌ನಲ್ಲಿ ಮಾಡಿಕೊಡುತ್ತೇವೆ ಎನ್ನುವವರು ಇದ್ದಾರೆ, ಆದರೆ ಕಲ್ಲು ತುಂಬುವ ತೊಟ್ಟಿಗೆ ಆ ಉಳಿತಾಯ ಸಲ್ಲದು.

ಅಳತೆಯ ಪ್ರಕಾರ ಇದು 254 ಲೀಟರಿನ ತೊಟ್ಟಿ. ಗಾಜಿನ ದಪ್ಪ, ಮರಳು, ಕಲ್ಲು, ಮೇಲೆ ಬಿಡುವ ಮೂರು ಸೆಂಟಿಮೀಟರ್ ಖಾಲಿ ಜಾಗ ಎಲ್ಲ ಕಳೆದರೆ ನಿಜವಾಗಿ ಹಿಡಿಯುವುದು ಸುಮಾರು 190 ಲೀಟರ್. ಸೋಡಾ, ಔಷಧಿ, ಕ್ಲೋರಿನ್ ತೆಗೆಯುವ ದ್ರಾವಣ ಏನೇ ಹಾಕಿದರೂ ಲೆಕ್ಕ ಈ 190ಕ್ಕೆ. 254ಕ್ಕೆ ಔಷಧಿ ಹಾಕಿದರೆ ಮೂರನೇ ಒಂದು ಪಾಲು ಹೆಚ್ಚಾಗುತ್ತದೆ.

ಗಾಜು 50 ಕಿಲೋ, ನೀರು 190, ಮರಳು 35, ಕಲ್ಲು 50, ಅದರ ಮೇಲೆ ಸ್ಟ್ಯಾಂಡ್. ಒಟ್ಟು 350 ಕಿಲೋ ದಾಟುತ್ತದೆ. ಆರ್‌ಸಿಸಿ ಮನೆಯಲ್ಲಿ ಗೋಡೆಗೆ ಒತ್ತಿಟ್ಟರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಮೈಸೂರಿನ ಹಳೆಯ ಮದ್ರಾಸ್ ತಾರಸಿ ಮನೆಗಳಲ್ಲಿ ಮಹಡಿಯ ನೆಲ ಮರದ ತೊಲೆಗಳ ಮೇಲೆ ನಿಂತಿರುತ್ತದೆ. ಅಲ್ಲಿ ಮಹಡಿಯ ಮೇಲಿಡುವ ಯೋಚನೆ ಬಿಟ್ಟು ನೆಲಮಟ್ಟದಲ್ಲೇ, ಕೆಳಗಿನ ಕೋಣೆಯಲ್ಲಿ ಇಡಿ. ಸ್ಟ್ಯಾಂಡ್ ಇಟ್ಟ ಮೇಲೆ ರಸಮಟ್ಟ ಹಿಡಿದು ನಾಲ್ಕೂ ಮೂಲೆ ನೋಡಿ, ಹಲಗೆಯ ಮೇಲೆ 10 ಮಿಲಿಮೀಟರ್ ಥರ್ಮಾಕೋಲ್ ಹಾಸಿ, ಅದರ ಮೇಲೆ ತೊಟ್ಟಿ. ಒಂದು ಸಣ್ಣ ಜಲ್ಲಿಚೂರು ಅಡಿಗೆ ಸಿಕ್ಕಿದರೂ ಭಾರವೆಲ್ಲ ಆ ಬಿಂದುವಿಗೆ ಬಿದ್ದು ತಳ ಸೀಳಬಹುದು.

ನೀರು: ಕಾವೇರಿಯೋ ಬೋರೋ

ಮಲಾವಿ ಸರೋವರದ ನೀರಿನ ಪಿಎಚ್ (ಆಮ್ಲ, ಕ್ಷಾರದ ಅಳತೆ) ಸುಮಾರು 7.8ರಿಂದ 8.6, ಶಾಖ 24ರಿಂದ 28 ಡಿಗ್ರಿ. ಇದು ತೀರ ಗಡಸು ನೀರು ಎಂದು ಎಲ್ಲರೂ ನಂಬಿದ್ದಾರೆ. ಅದು ಅಷ್ಟು ನಿಜವಲ್ಲ. ಗಡಸುತನವನ್ನು ಎರಡು ರೀತಿ ಅಳೆಯುತ್ತೇವೆ: ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿದೆ ಎಂದು ಹೇಳುವುದು ಜಿಎಚ್, ಆಮ್ಲವನ್ನು ತಡೆದು ಪಿಎಚ್ ಕುಸಿಯದಂತೆ ಹಿಡಿಯುವ ಬೈಕಾರ್ಬೊನೇಟ್ ಎಷ್ಟಿದೆ ಎಂದು ಹೇಳುವುದು ಕೆಎಚ್. ಮಲಾವಿಯಲ್ಲಿ ಜಿಎಚ್ ನಾಲ್ಕೈದು ಡಿಗ್ರಿ ಮಾತ್ರ, ಕೆಎಚ್ ಆರೇಳು. ಅಂದರೆ ನಾವು ಕಾಯಬೇಕಾದದ್ದು ಕೆಎಚ್. ಅದು ಗಟ್ಟಿಯಾಗಿದ್ದರೆ ಪಿಎಚ್ ತಾನಾಗಿ 8ರ ಮೇಲೆ ನಿಲ್ಲುತ್ತದೆ.

ಮೈಸೂರಿನ ನಲ್ಲಿಗೆ ಬರುವುದು ಕಾವೇರಿ ಮತ್ತು ಕಬಿನಿಯ ನೀರು. ಮಲೆನಾಡಿನ ಮಳೆ, ಕರಗದ ಬಂಡೆಗಳ ಮೇಲೆ ಹರಿದು ಬಂದದ್ದು, ಹಾಗಾಗಿ ಬೋರ್ ನೀರಿಗಿಂತ ಮೆದು. ಬೋರ್ ನೀರಿನ ಗುಣ ಗೀಸರಿನ ಕಾಯಿಲ್ ನೋಡಿದರೇ ಗೊತ್ತಾಗುತ್ತದೆ: ಬಿಳಿ ಸುಣ್ಣದ ಪೊರೆ. ಮೈಸೂರಿನ ಹೊರವಲಯದ ಬಡಾವಣೆಗಳಲ್ಲಿ, ಮಂಡ್ಯದ ಸುತ್ತ ಸಿಗುವುದು ಹೆಚ್ಚಾಗಿ ಇಂಥದೇ. ಈ ನೀರು ಸಿಕ್ಲಿಡ್‌ಗೆ ವರ. ಜಿಎಚ್ 20 ಡಿಗ್ರಿ ದಾಟಿದ್ದರೆ ಅರ್ಧ ಕಾವೇರಿ ನೀರು ಬೆರೆಸಿ, ಅಷ್ಟೇ. ಕಬ್ಬು, ಭತ್ತದ ಗದ್ದೆಗಳ ನಡುವಿನ ಬೋರ್ ಆದರೆ ನೈಟ್ರೇಟ್ ಪರೀಕ್ಷೆ ಮಾಡದೆ ಬಳಸಬೇಡಿ. ಗೊಬ್ಬರ ಇಳಿದ ಅಂತರ್ಜಲದಲ್ಲಿ ನೈಟ್ರೇಟ್ ಮೊದಲೇ ಲೀಟರಿಗೆ 40, 50 ಮಿಲಿಗ್ರಾಂ ಇದ್ದರೆ ಎಷ್ಟು ನೀರು ಬದಲಿಸಿದರೂ ತೊಟ್ಟಿಯಲ್ಲಿ ಅದು ಇಳಿಯುವುದಿಲ್ಲ.

ಮನೆಗೆ ವಾಟರ್ ಸಾಫ್ಟ್‌ನರ್ ಹಾಕಿಸಿದ್ದರೆ ಅದಕ್ಕೆ ಮೊದಲಿನ ನಲ್ಲಿಯಿಂದ ನೀರು ಹಿಡಿಯಿರಿ. ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ತುಂಬುತ್ತದೆ. ಆರ್‌ಒ ನೀರಂತೂ ಈ ಮೀನಿಗೆ ಬೇಡವೇ ಬೇಡ. ಟಿಡಿಎಸ್ ಮೀಟರ್ ಒಂದನ್ನೇ ನಂಬಿ ಕೂರುವುದೂ ತಪ್ಪು, ಅದು ಕರಗಿದ್ದು ಎಷ್ಟು ಎಂದು ಹೇಳುತ್ತದೆ, ಏನು ಎಂದು ಹೇಳುವುದಿಲ್ಲ. ಹನಿ ಹಾಕಿ ನೋಡುವ ಕಿಟ್‌ಗಳನ್ನೇ ಕೊಳ್ಳಿ: ಪಿಎಚ್, ಕೆಎಚ್, ಜಿಎಚ್, ಅಮೋನಿಯಾ, ನೈಟ್ರೈಟ್, ನೈಟ್ರೇಟ್.

ಬೋರ್ ನೀರನ್ನು ಹಿಡಿದ ಕೂಡಲೇ ಪಿಎಚ್ ನೋಡಿದರೆ 7ರ ಆಸುಪಾಸು ತೋರಿಸಿ ಗಾಬರಿ ಹುಟ್ಟಿಸಬಹುದು. ನೆಲದೊಳಗೆ ಒತ್ತಿಕೊಂಡಿದ್ದ ಕಾರ್ಬನ್ ಡೈಆಕ್ಸೈಡ್ ಅದಕ್ಕೆ ಕಾರಣ. ಡ್ರಮ್ಮಿನಲ್ಲಿಟ್ಟು ಏರ್ ಪಂಪ್ ಹಾಕಿ 24 ಗಂಟೆ ಬಿಟ್ಟು ನೋಡಿ, ಅದೇ ನೀರು 8 ದಾಟಿರುತ್ತದೆ. ನಿಜವಾದ ಅಂಕಿ ಅದು.

ಕಾವೇರಿ ನೀರಾದರೆ ಕೆಎಚ್ ಏರಿಸಬೇಕು. ಅದಕ್ಕೆ ಅಡುಗೆ ಸೋಡಾ ಸಾಕು, ಬೇಕಿಂಗ್ ಪೌಡರ್ ಮಾತ್ರ ಬೇಡ, ಅದರಲ್ಲಿ ಆಮ್ಲವೂ ಹಿಟ್ಟೂ ಬೆರೆತಿರುತ್ತದೆ. 100 ಲೀಟರಿಗೆ 3 ಗ್ರಾಂ ಸೋಡಾ ಹಾಕಿದರೆ ಕೆಎಚ್ 1 ಡಿಗ್ರಿ ಏರುತ್ತದೆ. ನಿಮ್ಮ ನೀರು 4 ಇದ್ದು 8ಕ್ಕೆ ತರಬೇಕಾದರೆ 190 ಲೀಟರಿಗೆ ಸುಮಾರು 23 ಗ್ರಾಂ. ಜಿಎಚ್ 4ಕ್ಕಿಂತ ಕಡಿಮೆ ಇದ್ದರೆ ಮಾತ್ರ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್), 100 ಲೀಟರಿಗೆ 4.4 ಗ್ರಾಂ ಹಾಕಿದರೆ 1 ಡಿಗ್ರಿ. ಎರಡನ್ನೂ ಚೊಂಬಿನಲ್ಲಿ ಕರಗಿಸಿ ಫಿಲ್ಟರ್ ನೀರು ಬೀಳುವ ಕಡೆ ನಿಧಾನವಾಗಿ ಸುರಿಯಿರಿ. ಮೀನು ಇರುವ ತೊಟ್ಟಿಯಲ್ಲಿ ದಿನಕ್ಕೆ 1 ಡಿಗ್ರಿಗಿಂತ ಹೆಚ್ಚು ಏರಿಸಬೇಡಿ.

ಕೋಳಿ ಆಹಾರದ ಅಂಗಡಿಯಲ್ಲಿ ಸಿಗುವ ಕಪ್ಪೆಚಿಪ್ಪಿನ ಚೂರನ್ನು ತೊಳೆದು, ಅರ್ಧ ಕಿಲೋ ಬಲೆ ಚೀಲದಲ್ಲಿ ಕಟ್ಟಿ ಫಿಲ್ಟರಿನಲ್ಲಿಡುವುದು ಒಳ್ಳೆಯ ಕಾವಲು. ಅದೊಂದೇ ಸಾಲದು. ಪಿಎಚ್ 8ರ ಹತ್ತಿರ ಬಂದರೆ ಸುಣ್ಣದ ಚಿಪ್ಪು ಕರಗುವುದನ್ನೇ ಹೆಚ್ಚುಕಡಿಮೆ ನಿಲ್ಲಿಸುತ್ತದೆ. ನೀರು ಕೆಟ್ಟು ಪಿಎಚ್ ಇಳಿಯತೊಡಗಿದಾಗ ಅದು ಕೆಲಸಕ್ಕೆ ಬರುತ್ತದೆ.

ನಲ್ಲಿ ನೀರಿನ ಕ್ಲೋರಿನ್ ತೆಗೆಯಲು ಸೋಡಿಯಂ ಥಯೋಸಲ್ಫೇಟ್ ಇರುವ ದ್ರಾವಣ ಹಾಕಿ, ಅಥವಾ ಡ್ರಮ್ಮಿನಲ್ಲಿ ಒಂದು ದಿನ ಗಾಳಿ ಆಡಿಸಿ.

ಕಲ್ಲು

ಸರೋವರದ ಒಂದು ದಡದಲ್ಲಿ ಒಂದೇ ಜಾತಿಯ ಬಂಡೆ ಇರುತ್ತದೆ. ತೊಟ್ಟಿಯಲ್ಲೂ ಹಾಗೇ. ಬೂದು ಗ್ರಾನೈಟ್ ಎಂದರೆ ಎಲ್ಲವೂ ಬೂದು ಗ್ರಾನೈಟ್. ಅದರ ನಡುವೆ ಒಂದು ಕೆಂಪು ಕಲ್ಲು, ಒಂದು ಬಿಳಿ ಸ್ಫಟಿಕ, ಒಂದು ಶಂಖ ಬಂದಕೂಡಲೇ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಬೆಟ್ಟ ಹೋಗಿ ಗೊಂಬೆ ಕೂರಿಸಿದ ಹಾಗಾಗುತ್ತದೆ. ಮಣ್ಣಿನ ಕುಡಿಕೆ, ಪ್ಲಾಸ್ಟಿಕ್ ಅರಮನೆಗಳ ಬಗ್ಗೆಯೂ ಅದೇ ಮಾತು.

ಚಾಮುಂಡಿ ಬೆಟ್ಟದಿಂದಾಗಲಿ, ಮೇಲುಕೋಟೆಯ ಕಾಡಿನಿಂದಾಗಲಿ, ರಂಗನತಿಟ್ಟಿನ ಸುತ್ತಲಿಂದಾಗಲಿ ಕಲ್ಲು ತರಬೇಡಿ, ಅವು ರಕ್ಷಿತ ಜಾಗಗಳು. ಹೊಲದ ಬದುವಿನಲ್ಲಿ ರೈತರು ಆಯ್ದು ಗುಡ್ಡೆ ಹಾಕಿದ ಕಲ್ಲುಗಳು ಬೇಕಾದಷ್ಟಿವೆ. ಕೇಳಿ ತನ್ನಿ. ಬಿಸಿಲು ಮಳೆಗೆ ಸವೆದು ಅಂಚು ಮೊಂಡಾದ ಇಂಥ ಕಲ್ಲು ಕ್ವಾರಿಯಲ್ಲಿ ಸಿಡಿಸಿದ ಹೊಸ ಕಲ್ಲಿಗಿಂತ ನೂರು ಪಾಲು ಚೆನ್ನ. ಕ್ವಾರಿಯ ಕಲ್ಲಿನ ಚೂಪು ಅಂಚಿಗೆ ಅಟ್ಟಿಸಿಕೊಂಡು ಓಡುವ ಮೀನು ಮೈ ತರಚಿಕೊಳ್ಳುತ್ತದೆ. ತುಕ್ಕಿನ ಗೆರೆ, ಲೋಹದಂತೆ ಮಿನುಗುವ ಎಳೆ ಇರುವ ಕಲ್ಲು ಬೇಡ. ತಂದದ್ದನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ, ಕುದಿಯುವ ನೀರು ಹೊಯ್ದು, ಒಂದು ವಾರ ನೀರಿನಲ್ಲಿ ನೆನೆಸಿ, ದಿನವೂ ನೀರು ಬದಲಿಸಿ. ಕಲ್ಲನ್ನೇ ಪಾತ್ರೆಗೆ ಹಾಕಿ ಕುದಿಸುವುದು ಅಪಾಯ, ಒಳಗಿನ ತೇವ ಆವಿಯಾಗಿ ಸಿಡಿಯಬಹುದು.

ಗ್ರಾನೈಟ್ ನೀರಿನ ಗುಣ ಬದಲಿಸುವುದಿಲ್ಲ. ಶಹಾಬಾದ್ ಕಲ್ಲು ಸುಣ್ಣಕಲ್ಲು, ಈ ತೊಟ್ಟಿಗೆ ಹಾನಿಯಿಲ್ಲ, ಆದರೆ ಚಪ್ಪಡಿಯಾಗಿ ಕುಯ್ದದ್ದರಿಂದ ಬೆಟ್ಟದ ಆಕಾರ ಬರುವುದಿಲ್ಲ.

50 ಕಿಲೋ ಕಲ್ಲಿನಲ್ಲಿ 25 ಸೆಂಟಿಮೀಟರ್ ಮೀರಿದವು ಎರಡು, 15ರಿಂದ 20ರವು ಐದಾರು, ಮುಷ್ಟಿ ಗಾತ್ರದವು ಹತ್ತು ಹದಿನೈದು ಇರಲಿ. ಎಲ್ಲವೂ ಒಂದೇ ಗಾತ್ರದ್ದಾದರೆ ಜಲ್ಲಿ ರಾಶಿಯಂತೆ ಕಾಣುತ್ತದೆ. ದೊಡ್ಡ ಕಲ್ಲನ್ನು ಮರಳಿನ ಮೇಲೆ ಎಂದೂ ಇಡಬಾರದು. ಸಿಕ್ಲಿಡ್‌ಗಳು ಬಾಯಲ್ಲಿ ಮರಳು ತುಂಬಿ ತುಂಬಿ ಸಾಗಿಸುತ್ತವೆ. ಒಂದು ಗಂಡು ವಾರದಲ್ಲಿ ಕಲ್ಲಿನ ಬುಡವನ್ನೇ ತೋಡಿ ಬರಿದು ಮಾಡುತ್ತದೆ, ಒಂದು ರಾತ್ರಿ ರಾಶಿ ಜಾರಿ ಗಾಜಿಗೆ ಬಡಿಯುತ್ತದೆ. ಮಂಡ್ಯದ ಕೆರೆಗಳಲ್ಲಿ ಬೇಸಿಗೆಗೆ ನೀರು ಇಳಿದಾಗ ತಟ್ಟೆಯಗಲದ ಗುಂಡಿಗಳು ಕಾಣುತ್ತವಲ್ಲ, ನಾವು ಜಿಲೇಬಿ ಎಂದು ಕರೆಯುವ ತಿಲಾಪಿಯಾ ತೋಡಿದವು. ತಿಲಾಪಿಯಾ ಕೂಡ ಆಫ್ರಿಕದ ಸಿಕ್ಲಿಡ್ಡೇ, 1952ರಲ್ಲಿ ಭಾರತಕ್ಕೆ ತಂದದ್ದು. ಬುದ್ಧಿ ಒಂದೇ.

ಹಾಗಾಗಿ ಮೊದಲು ಗಾಜಿನ ತಳದ ಮೇಲೆ ಲೈಟ್ ಡಿಫ್ಯೂಸರಿನ ಪ್ಲಾಸ್ಟಿಕ್ ಜಾಲರಿ ಅಥವಾ ಪಿವಿಸಿ ಫೋಮ್ ಶೀಟ್ ಹಾಸಿ, ಅದರ ಮೇಲೆ ನೇರವಾಗಿ ದೊಡ್ಡ ಕಲ್ಲು. ಪ್ರತಿ ಕಲ್ಲೂ ಮೂರು ಕಡೆ ಊರಿ ನಿಲ್ಲಬೇಕು. ಕೈಯಿಂದ ಅಲುಗಿಸಿ ನೋಡಿ, ಅಲುಗಾಡಿದರೆ ತಿರುಗಿಸಿ ಕೂರಿಸಿ. ನೀರಿನಲ್ಲಿ ಕಲ್ಲಿನ ತೂಕ ಮೂರನೇ ಒಂದು ಪಾಲಿಗಿಂತ ಹೆಚ್ಚು ಇಳಿಯುತ್ತದೆ, ಒಣಗಿದ್ದಾಗ ಭದ್ರವೆನಿಸಿದ್ದು ಒಳಗೆ ಸಡಿಲವಾಗಬಹುದು. ಎತ್ತರದ ಎರಡು ಮೂರು ಕಲ್ಲುಗಳನ್ನು ಬೂಸ್ಟು ತಡೆಯುವ ರಾಸಾಯನಿಕ ಬೆರೆಸದ ಸಿಲಿಕೋನ್‌ನಿಂದ ಅಂಟಿಸಿ ಎರಡು ದಿನ ಒಣಗಲು ಬಿಡಿ.

ಇನ್ನು ಜೋಡಣೆ. ಭಾರವನ್ನು ಒಂದು ಪಕ್ಕಕ್ಕೆ ಕೊಡಿ. ಉದ್ದದ ಮೂರನೇ ಎರಡು ಪಾಲು ಬೆಟ್ಟ, ಉಳಿದದ್ದು ಬಯಲು, ಆ ಬಯಲಿನಲ್ಲಿ ಉರುಳಿ ಬಂದು ನಿಂತಂಥ ಒಂದೆರಡು ಕಲ್ಲು. ಎರಡು ಮೂಲೆಗಳಲ್ಲಿ ಸಮನಾದ ಎರಡು ಗುಡ್ಡ ಮಾಡಿದರೆ ದೇವಸ್ಥಾನದ ದ್ವಾರಪಾಲಕರಂತೆ ಕಾಣುತ್ತವೆ. ಕಲ್ಲಿನಲ್ಲಿ ಪದರದ ಗೆರೆಗಳಿದ್ದರೆ ಎಲ್ಲವೂ ಒಂದೇ ದಿಕ್ಕಿಗೆ ಓರೆಯಾಗಿರಲಿ. ಚಿಕ್ಕ ಕಲ್ಲುಗಳು ದೊಡ್ಡವುಗಳ ಬುಡದಲ್ಲಿ ಸೇರಲಿ, ಉದುರಿದ ಚೂರು ಬೀಳುವುದು ಅಲ್ಲೇ ತಾನೇ. ನೀರಿನ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗೆ ಶಿಖರ ನಿಲ್ಲಲಿ. ಹಿಂದಿನ ಗಾಜಿಗೂ ರಾಶಿಗೂ ನಡುವೆ ಒಂದು ಅಂಗೈಯಗಲ ಬಿಡಿ. ಅಲ್ಲಿ ನೀರು ಹರಿಯದಿದ್ದರೆ ಕಸ ಕೂತು ಕೊಳೆಯುತ್ತದೆ, ಪೆಟ್ಟು ತಿಂದ ಹೆಣ್ಣಿಗೆ ತಪ್ಪಿಸಿಕೊಳ್ಳುವ ದಾರಿಯೂ ಅದೇ. ಪ್ರತಿ ಗವಿಗೂ ಎರಡು ಬಾಯಿ ಇರಲಿ. ಒಂದೇ ಬಾಯಿಯ ಗವಿಯಲ್ಲಿ ದುರ್ಬಲ ಮೀನು ಸಿಕ್ಕಿಬಿದ್ದು ಸಾಯುತ್ತದೆ.

ಕಲ್ಲು ಕೂತ ಮೇಲೆ ಮರಳು, ನಾಲ್ಕು ಸೆಂಟಿಮೀಟರ್ ದಪ್ಪಕ್ಕೆ 35 ಕಿಲೋ. ಸ್ವಿಮ್ಮಿಂಗ್ ಪೂಲ್ ಫಿಲ್ಟರಿಗೆ ಹಾಕುವ ಸಿಲಿಕಾ ಮರಳು ಸರಿಯಾದದ್ದು. ಎಂ-ಸ್ಯಾಂಡ್ ಜಜ್ಜಿದ ಕಲ್ಲು, ಅದರ ಹರಿತ ಕಾಳು ಬಾಯಿಯಲ್ಲಿ ಹೊಕ್ಕು ಕಿವಿರಿನಿಂದ ಹೊರಬೀಳುವಾಗ ಗಾಯ ಮಾಡುತ್ತದೆ, ಧೂಳೂ ಇಳಿಯುವುದಿಲ್ಲ. ಬಕೆಟ್ಟಿನಲ್ಲಿ ತೊಳೆದ ನೀರು ತಿಳಿಯಾಗುವ ತನಕ ತೊಳೆಯಿರಿ, ಹತ್ತು ಸಲವಾದರೂ ಬೇಕು. ಹಿಂಬದಿ ಗಾಜಿಗೆ ಹೊರಗಿನಿಂದ ಹೊಳಪಿಲ್ಲದ ಕಪ್ಪು ಬಣ್ಣ ಬಳಿದರೆ ಬೆಟ್ಟಕ್ಕೆ ಆಳ ಬರುತ್ತದೆ.

ಫಿಲ್ಟರ್, ಹೀಟರ್, ಬೆಳಕು

ಗಂಟೆಗೆ ತೊಟ್ಟಿಯ ನೀರು ಆರೇಳು ಸಲ ತಿರುಗಬೇಕು. 190 ಲೀಟರಿಗೆ ಗಂಟೆಗೆ 1200ರಿಂದ 1400 ಲೀಟರಿನ ಕ್ಯಾನಿಸ್ಟರ್ ಫಿಲ್ಟರ್ (ತೊಟ್ಟಿಯ ಹೊರಗೆ ಇಡುವ ಡಬ್ಬಿಯಂಥದು), ಜೊತೆಗೆ ರಾಶಿಯ ಹಿಂದಿನಿಂದ ನೀರು ತಳ್ಳುವ ಒಂದು ಚಿಕ್ಕ ವೇವ್ ಮೇಕರ್. ಇದಲ್ಲದೆ ಇನ್ವರ್ಟರ್ ಲೈನಿಗೆ ಸೇರಿದ ಏರ್ ಪಂಪ್ ಮೇಲೆ ಒಂದು ಸ್ಪಾಂಜ್ ಫಿಲ್ಟರ್ ಖಂಡಿತ ಇರಲಿ. ಏಪ್ರಿಲ್‌ನಲ್ಲಿ ನೀರು 30 ಡಿಗ್ರಿ ಮುಟ್ಟಿದಾಗ ಅದರಲ್ಲಿ ಆಮ್ಲಜನಕ ಹಿಡಿಯುವುದೇ ಕಡಿಮೆ, ಅದೇ ಹೊತ್ತಿಗೆ ಕರೆಂಟ್ ಹೋದರೆ ಕಿಕ್ಕಿರಿದ ತೊಟ್ಟಿಯಲ್ಲಿ ಒಂದೆರಡು ಗಂಟೆಯಲ್ಲೇ ಮೀನು ಮೇಲೆ ಬಂದು ಬಾಯಿಬಿಡುತ್ತವೆ. ನಾಲ್ಕೈದು ಗಂಟೆ ನಿಂತ ಕ್ಯಾನಿಸ್ಟರನ್ನು ಹಾಗೇ ಚಾಲೂ ಮಾಡಬೇಡಿ. ಒಳಗೆ ಉಸಿರುಗಟ್ಟಿದ ನೀರು ನಾರುತ್ತಿರುತ್ತದೆ. ತೆರೆದು ಚೆಲ್ಲಿ, ತೊಟ್ಟಿಯ ನೀರಿನಲ್ಲೇ ಸ್ಪಾಂಜ್ ಹಿಂಡಿ ನಂತರ ಹಾಕಿ. ನಲ್ಲಿಯ ಕೆಳಗೆ ಹಿಂಡಿದರೆ ನೀರಿನ ವಿಷ ಕಳೆಯುವ ಬ್ಯಾಕ್ಟೀರಿಯಾವನ್ನು ಕ್ಲೋರಿನ್ ಕೊಲ್ಲುತ್ತದೆ.

ಮೈಸೂರಿನ ಡಿಸೆಂಬರ್, ಜನವರಿಯ ಬೆಳಗು 15, 16 ಡಿಗ್ರಿಗೆ ಇಳಿಯುತ್ತದೆ. 100 ವಾಟಿನ ಎರಡು ಹೀಟರ್ 25 ಡಿಗ್ರಿಗೆ ಇಟ್ಟರೆ ಸಾಕು. ಎರಡು ಏಕೆಂದರೆ, ಒಂದು ಆನ್ ಆಗಿಯೇ ಸಿಕ್ಕಿಕೊಂಡರೂ ತೊಟ್ಟಿಯನ್ನು ಕುದಿಸಲಾರದು. ನೀರು ಬದಲಿಸುವಾಗ ಅದನ್ನು ಆರಿಸಿ. ಬಿಸಿ ಗಾಜು ನೀರಿನಿಂದ ಹೊರಗುಳಿದರೆ ಒಡೆಯುತ್ತದೆ.

ಬೆಳಕು ದಿನಕ್ಕೆ ಏಳೆಂಟು ಗಂಟೆ. ಮೊದಲ ಒಂದೆರಡು ತಿಂಗಳು ಕಲ್ಲಿಗೆ ಕಂದು ಪುಡಿಯಂಥ ಪಾಚಿ ಹತ್ತುತ್ತದೆ, ಅದು ಡಯಾಟಮ್, ತಾನೇ ಹೋಗುತ್ತದೆ. ಆಮೇಲೆ ಬರುವ ಹಸಿರು ಪೊರೆಯನ್ನು ಕಲ್ಲಿನಿಂದ ಉಜ್ಜಬೇಡಿ, ಮುಂದಿನ ಗಾಜನ್ನಷ್ಟೇ ಒರೆಸಿ. ಸರೋವರದಲ್ಲಿ ಎಂಬೂನಾ ದಿನವಿಡೀ ಕೆರೆದು ತಿನ್ನುವುದು ಅದನ್ನೇ, ತೊಟ್ಟಿ ಹಳೆಯದಾಗಿ ಸಹಜವಾಗಿ ಕಾಣುವುದೂ ಅದರಿಂದಲೇ. ಗಿಡ ಬೇಕೆಂದರೆ ಕಲ್ಲಿಗೆ ಕಟ್ಟಿದ ಅನೂಬಿಯಾಸ್ ಉಳಿಯುತ್ತದೆ. ಮಲಾವಿಯಲ್ಲೇ ಬೆಳೆಯುವ ವ್ಯಾಲಿಸ್ನೇರಿಯಾ ನೆಟ್ಟರೆ ಕಿತ್ತು ತೇಲಿಸುತ್ತವೆ.

ಮೀನಿಲ್ಲದೆ ಒಂದೂವರೆ ತಿಂಗಳು

ಮೀನು ಹೊರಹಾಕುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಇವು ಫಿಲ್ಟರಿನಲ್ಲಿ ಬೆಳೆದು ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ಸಿಕ್ಲಿಡ್ ತೊಟ್ಟಿಯಲ್ಲಿ ಈ ಕಾಯುವಿಕೆಗೆ ರಿಯಾಯಿತಿ ಇಲ್ಲ. ಪಿಎಚ್ 7ರಲ್ಲಿ ಅಮೋನಿಯಾದ ನೂರರಲ್ಲಿ ಒಂದು ಪಾಲೂ ವಿಷದ ರೂಪದಲ್ಲಿರುವುದಿಲ್ಲ, 8.2ರಲ್ಲಿ ಎಂಟೊಂಬತ್ತು ಪಾಲು ಇರುತ್ತದೆ. ಗೋಲ್ಡ್‌ಫಿಶ್ ತಡೆದುಕೊಂಡ ಕೊಳೆ ಇಲ್ಲಿ ಕೊಲ್ಲುತ್ತದೆ.

ಅಮೋನಿಯಂ ಕ್ಲೋರೈಡ್ 1.2 ಗ್ರಾಂ ಹಾಕಿದರೆ 190 ಲೀಟರಿನಲ್ಲಿ ಅಮೋನಿಯಾ 2 ಪಿಪಿಎಂ, ಅಂದರೆ ಲೀಟರಿಗೆ 2 ಮಿಲಿಗ್ರಾಂ, ಆಗುತ್ತದೆ. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರವೇ ಇದು, ಆದರೆ ಆ ಗಟ್ಟಿಯಲ್ಲಿ ಕಲ್ಮಶ ಇರಬಹುದಾದ್ದರಿಂದ ಪ್ರಯೋಗಾಲಯಕ್ಕೆ ಮಾರುವ ಶುದ್ಧ ಪುಡಿಯನ್ನೇ ತನ್ನಿ. ಅಮೋನಿಯಾ ಇಳಿದಾಗಲೆಲ್ಲ ಮತ್ತೆ ಹಾಕುತ್ತ ಹೋಗಿ. 2 ಪಿಪಿಎಂ ಹಾಕಿದ 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದ ದಿನ ತೊಟ್ಟಿ ಸಿದ್ಧ. ಈ ಕೆಲಸ ಕೆಎಚ್ ಅನ್ನು ತಿನ್ನುತ್ತದೆ, ವಾರಕ್ಕೊಮ್ಮೆ ಅಳೆದು ಸೋಡಾ ತುಂಬಿ. ಕೊನೆಗೆ ಮುಕ್ಕಾಲು ನೀರು ಬದಲಿಸಿ ಮೀನು ತನ್ನಿ.

ಯಾವ ಮೀನು, ಎಷ್ಟು

ಅಂಗಡಿಯಲ್ಲಿ ಅಸಾರ್ಟೆಡ್ ಎಂದು ಒಂದೇ ಟ್ಯಾಂಕಿನಲ್ಲಿ ಬೆರೆಸಿಟ್ಟ ಮರಿಗಳನ್ನು ಕೊಳ್ಳಬೇಡಿ. ಅವುಗಳಲ್ಲಿ ಮಿಶ್ರತಳಿಗಳೇ ಹೆಚ್ಚು, ದೊಡ್ಡದಾದ ಮೇಲೆ ಯಾವುದು ಯಾರನ್ನು ಕೊಲ್ಲುತ್ತದೋ ಹೇಳಲಾಗದು. ಮೊದಲ ತೊಟ್ಟಿಗೆ ಯೆಲ್ಲೋ ಲ್ಯಾಬ್ ಎಂಟು, ಸೌಲೋಸಿ ಹತ್ತು, ರಸ್ಟಿ ಆರು. ಈ ಮೂರೂ ಎಂಬೂನಾಗಳಲ್ಲಿ ಸಾಧು ಸ್ವಭಾವದವು. ಸೌಲೋಸಿಯ ಹೆಣ್ಣು ಹಳದಿ, ಗಂಡು ನೀಲಿ ಪಟ್ಟೆ, ಒಂದೇ ಜಾತಿಯಲ್ಲಿ ಎರಡು ಬಣ್ಣ. ಆರೇಟಸ್ ಮರಿ ನೋಡಲು ಚಿನ್ನದಂತಿದ್ದರೂ ಬೆಳೆದ ಗಂಡು ನಾಲ್ಕಡಿಯನ್ನೂ ತನ್ನದೆನ್ನುತ್ತದೆ, ಬೇಡ.

ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಇರಬೇಕು. ಕಡಿಮೆ ಮೀನು ಇಟ್ಟರೆ ಜಗಳ ಕಡಿಮೆ ಎಂಬ ಲೆಕ್ಕ ಇಲ್ಲಿ ತಿರುಗುಮುರುಗು: ಆರೇ ಮೀನಿದ್ದರೆ ಬಲಿಷ್ಠ ಗಂಡು ಒಂದನ್ನೇ ಹಿಡಿದು ಬಡಿಯುತ್ತದೆ, ಇಪ್ಪತ್ತನಾಲ್ಕಿದ್ದರೆ ಅದರ ಸಿಟ್ಟು ಹಂಚಿಹೋಗುತ್ತದೆ. ಮೂರು ನಾಲ್ಕು ಸೆಂಟಿಮೀಟರಿನ ಮರಿಗಳನ್ನು ಒಂದೆರಡು ಕಂತಿನಲ್ಲೇ ಬಿಟ್ಟು ಒಟ್ಟಿಗೆ ಬೆಳೆಸಿ. ತಡವಾಗಿ ಒಂದು ಮೀನು ಸೇರಿಸಲೇಬೇಕಾದರೆ ಅಂದು ಕೆಲವು ಕಲ್ಲು ಬದಲಿಸಿ ಗಡಿಗಳನ್ನು ಅಳಿಸಿ, ದೀಪ ಆರಿಸಿ ಬಿಡಿ.

ಹೆಣ್ಣು ಮೊಟ್ಟೆಯನ್ನು ಬಾಯಲ್ಲಿಟ್ಟುಕೊಂಡು ಸುಮಾರು ಮೂರು ವಾರ ಉಪವಾಸ ಇರುತ್ತದೆ. ಗಂಟಲು ಉಬ್ಬಿ ಊಟ ಬಿಟ್ಟ ಹೆಣ್ಣನ್ನು ಕಂಡು ಕಾಯಿಲೆ ಎಂದು ಔಷಧಿ ಸುರಿಯಬೇಡಿ. ಮರಿಗಳು ಹೆಚ್ಚಾದರೆ ಬೇರೆಯವರಿಗೆ ಕೊಡಿ. ಕುಕ್ಕರಹಳ್ಳಿ, ಲಿಂಗಾಂಬುಧಿಯಂಥ ಕೆರೆಗಳಿಗೆ ಒಂದು ಮರಿಯನ್ನೂ ಬಿಡಬಾರದು. ತಿಲಾಪಿಯಾ ನಮ್ಮ ನೀರಿಗೆ ಬಂದು ಸ್ಥಳೀಯ ಮೀನಿನ ಜಾಗ ಹಿಡಿದದ್ದು ಕಣ್ಣೆದುರಿಗಿದೆ.

ಊಟ ಮತ್ತು ವಾರದ ಕೆಲಸ

ಪಾಚಿ ತಿನ್ನುವ ಮೀನಿನ ಕರುಳು ಉದ್ದ. ರಕ್ತಹುಳು, ಮಾಂಸ ಹಾಕಿದರೆ ಮಲಾವಿ ಬ್ಲೋಟ್ ಎಂಬ ಕಾಯಿಲೆ ಬರುವ ಅಪಾಯ ಹೆಚ್ಚು: ಊಟ ಉಗುಳುವುದು, ಬಿಳಿ ದಾರದಂಥ ಮಲ, ಆಮೇಲೆ ಹೊಟ್ಟೆ ಉಬ್ಬುವುದು. ಉಬ್ಬಿದ ಮೇಲೆ ಉಳಿಯುವುದು ಅಪರೂಪ. ಸ್ಪಿರುಲಿನಾ ಪಾಚಿ ಬೆರೆತ ಚಿಕ್ಕ ಕಾಳು ದಿನಕ್ಕೆ ಎರಡು ಸಲ, ಒಂದು ನಿಮಿಷದಲ್ಲಿ ಮುಗಿಯುವಷ್ಟು. ವಾರಕ್ಕೊಮ್ಮೆ ಬಿಸಿ ನೀರಿನಲ್ಲಿ ಅದ್ದಿದ ಪಾಲಕ್ ಎಲೆ, ವಾರಕ್ಕೊಂದು ದಿನ ಉಪವಾಸ. ಎಷ್ಟು ಹಾಕಿದರೂ ಹಸಿದವರಂತೆ ಗಾಜಿಗೆ ಮುಗಿಬೀಳುತ್ತವೆ, ಮರುಗಬೇಡಿ.

ವಾರಕ್ಕೆ 65 ಲೀಟರ್ ನೀರು ಬದಲಿಸಿ. ಹಳೆಯ ನೀರು ಗಿಡಗಳಿಗೆ ಒಳ್ಳೆಯದು. ಹೊಸ ನೀರಿಗೆ ಮಾತ್ರ ಸೋಡಾ ಸೇರಿಸಿ; ಕೆಎಚ್ 4ರಿಂದ 8ಕ್ಕೆ ಏರಿಸಲು 65 ಲೀಟರಿಗೆ 8 ಗ್ರಾಂ. ಇಡೀ ತೊಟ್ಟಿಯ ಲೆಕ್ಕಕ್ಕೆ ಪ್ರತಿ ವಾರ ಹಾಕುತ್ತ ಹೋದರೆ ಪಿಎಚ್ ಮಿತಿಮೀರುತ್ತದೆ. ಶಾಖದ ವ್ಯತ್ಯಾಸ ಎರಡು ಡಿಗ್ರಿ ಮೀರದಿರಲಿ. ನೈಟ್ರೇಟ್ ಲೀಟರಿಗೆ 30 ಮಿಲಿಗ್ರಾಂ ದಾಟಿದರೆ ಬದಲಿಸುವ ನೀರನ್ನು 90 ಲೀಟರಿಗೆ ಏರಿಸಿ. ಪಿಎಚ್ ಪ್ರತಿ ವಾರ ಸ್ವಲ್ಪ ಸ್ವಲ್ಪ ಇಳಿಯುತ್ತಿದ್ದರೆ ಮೊದಲು ಕೆಎಚ್ ನೋಡಿ. ಅದು 4ಕ್ಕಿಂತ ಕೆಳಗೆ ಬಂದಿದ್ದರೆ ರಾಶಿಯ ಹಿಂದೆ ಕಸ ಕೂತಿದೆಯೇ ಎಂದು ಟಾರ್ಚ್ ಹಿಡಿದು ನೋಡಿ, ಪೈಪಿನಿಂದ ಎಳೆದು ತೆಗೆಯಿರಿ, ಸೋಡಾವನ್ನು ದಿನಕ್ಕೆ 1 ಡಿಗ್ರಿ ಏರುವಷ್ಟು ಹಂಚಿ ಹಾಕಿ.